ಕಡ್ಡಿಯಲ್ಲಿ ಅಳೆದ ಪಾದ

2024ರ ಜುಲೈ 16, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ಸೊರಬದ ಮಗಳ ಮನೆಗೆ ಬಂದಿದ್ದ ಉಡುತಡಿಯ ಹುಚ್ಚಮ್ಮನವರ ಎಡಗಾಲಿನ ಶೂವನ್ನು, ಅಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸ್ ಕ್ಷಮಾ ಬಿಚ್ಚಿದರು. ಕಾಲುಚೀಲ ಹೆಬ್ಬೆರಳಿಗೆ ಅಂಟಿಕೊಂಡಿತ್ತು. ಬಿಡಿಸಿದಾಗ ವಾಸನೆ ಬಂತು.

"ನೋವಿಲ್ವಾ ಅಮ್ಮಾ?"

"ಇಲ್ಲವ್ವಾ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷ ಆತು. ಪಾದ ಮರಗಟ್ಟೈತಿ."

ಗಂಡ ಹುಚ್ಚರಾಯಪ್ಪ ನಡುವೆ ಬಾಯಿ ಹಾಕಿದರು. "ಶೂ ಸರಿಯಾಗೇ ಐತ್ರೀ. ಇವಳ ಪಾದಾನ ಪೊರಕೆ ಕಡ್ಡೀಲಿ ಅಳ್ದು, ಆ ಕಡ್ಡಿ ಹಿಡ್ಕಂಡು ಶಿಕಾರಿಪುರಕ್ಕೆ ಹೋಗಿ ನಾನೇ ತಂದಿದ್ದು. ಒಳಗೆ ಮೆಮೊರಿ ಫೋಮ್ ಇನ್‌ಸೋಲ್ ಅಂತ ಮೆತ್ತನೆ ಅಟ್ಟೆ ಬೇರೆ ಹಾಕೀನಿ. ಹೆಬ್ಬೆಟ್ಟಲ್ಲಿ ಒತ್ತಿದ್ರೆ ಬೆಣ್ಣೆ!"

"ಮದುವೆ ಚಪ್ಪಲೀನೂ ಹಿಂಗೇ ಕಡ್ಡಿ ಹಿಡ್ಕಂಡು ತಂದಿದ್ರು," ಎಂದರು ಹುಚ್ಚಮ್ಮ. "ಅದೂ ಕಚ್ಚಿತ್ತು."

ಕ್ಷಮಾ ಇನ್‌ಸೋಲ್ ಹೊರಗೆಳೆದರು. "ಕೆಳಗೆ ಶೂ ಜೊತೆ ಬಂದಿದ್ದೂ ಹಾಗೇ ಇದೆಯಲ್ರೀ?"

"ಎರಡಿದ್ರೆ ಇನ್ನೂ ಮೆತ್ತಗಲ್ವಾ?"

"ಕಡ್ಡಿ ಉದ್ದ ಹೇಳುತ್ತೆ, ಎತ್ತರ ಹೇಳಲ್ಲ. ಈ ಫೋಮ್ ಆರು ಮಿಲಿಮೀಟರ್ ದಪ್ಪ. ಪಾದ ಮೇಲೆದ್ದು, ಬೆರಳು ಶೂ ಮೇಲ್ಭಾಗಕ್ಕೆ ಉಜ್ಜಿ ಹುಣ್ಣಾಗಿದೆ. ನಿಮಗಾದ್ರೆ ಹತ್ತು ಹೆಜ್ಜೆಗೇ ಗೊತ್ತಾಗ್ತಿತ್ತು. ಅಮ್ಮನಿಗೆ ಗೊತ್ತಾಗಲ್ಲ."

"ಹಂಗಾರೆ ಫೋಮೇ ಕೆಟ್ಟದ್ದು ಅನ್ರೀ."

"ಅಲ್ಲ. ಹಳೇದು ತೆಗೆದು, ಜಾಗ ಇರೋ ಶೂಗೆ ಹಾಕಿದ್ರೆ ಒಳ್ಳೇದೇ. ಆದ್ರೆ ಮರಗಟ್ಟಿದ ಪಾದಕ್ಕೆ ಡಾಕ್ಟರನ್ನ ಕೇಳದೆ ಏನೂ ಹಾಕಬಾರದು."

"ಈಗ ತೆಗೆದ್ವಲ್ಲ. ವಾಸಿಯಾಗ್ತದಲ್ರೀ?"

ಕ್ಷಮಾ ಹುಣ್ಣಿನ ಮೇಲೆ ಶುಭ್ರ ಬಟ್ಟೆ ಹೊದಿಸಿದರು. ಡಾಕ್ಟರನ್ನು ಕರೆಯಲು ಎದ್ದರು.

ಒಂಬತ್ತನೆಯ ದಿನ, ಶಿವಮೊಗ್ಗದ ಆಸ್ಪತ್ರೆಯಲ್ಲಿ, ಹೆಬ್ಬೆರಳನ್ನೂ ಅದರ ಪಕ್ಕದ ಬೆರಳನ್ನೂ ತೆಗೆದರು.

ಈಗ ಹುಚ್ಚರಾಯಪ್ಪ ದಿನವೂ ಹೆಂಡತಿಯ ಪಾದ ತಿರುಗಿಸಿ ನೋಡುತ್ತಾರೆ. ಶೂ ಒಳಗೆ ಕೈಹಾಕಿ ತಡವುತ್ತಾರೆ. "ಆಗೊಂದಿನ ನೋಡಿದ್ರೆ ಸಾಕಿತ್ತು," ಎನ್ನುತ್ತಾರೆ ಹುಚ್ಚಮ್ಮ. ಗಂಡ ಇನ್ನೊಂದು ಶೂಗೆ ಕೈಹಾಕುತ್ತಾರೆ.

ಓದುತ್ತಿರುವವರೇ, ಕೈಗೆ ಮೆತ್ತಗಿದೆ ಎಂದು ಇನ್‌ಸೋಲ್ ಕೊಳ್ಳಬೇಡಿ. ಯಾರ ಪಾದಕ್ಕೋ ಅವರೇ ಅಂಗಡಿಗೆ ಹೋಗಲಿ, ಪಾದ ಊದಿರುವ ಸಂಜೆ ಹೊತ್ತಿನಲ್ಲಿ. ಹಳೆಯದನ್ನು ತೆಗೆದು ಹೊಸದನ್ನು ಹಾಕಿ, ಬೆರಳುಗಳು ಮೇಲೆ ತಾಗದೆ ಆಡುತ್ತವೆಯೇ ನೋಡಿ. ಸಕ್ಕರೆ ಕಾಯಿಲೆ ಇದ್ದವರ ಪಾದವನ್ನು ದಿನಕ್ಕೊಮ್ಮೆ ಯಾರಾದರೂ ನೋಡಲೇಬೇಕು. ಅವರ ಪಾದ ಅವರಿಗೆ ಏನೂ ಹೇಳುವುದಿಲ್ಲ.

ಹುಚ್ಚಮ್ಮನವರಿಗೆ ಬೇರೆ ಶೂ ಮಾಡಿಸಲು ಮೊನ್ನೆ ಎರಡೂ ಪಾದಗಳನ್ನು ಟೇಪಿನಲ್ಲಿ ಅಳೆದರು. ಬಲಪಾದ 23.2 ಸೆಂಟಿಮೀಟರ್. ಎಡಪಾದ 21.