ಕಾರಣದ ಕಲಂ

ಪೀಣ್ಯದ ನರಸಪ್ಪನವರ ಶೆಡ್ಡಿನಲ್ಲಿ ಬುಧವಾರ ಡ್ರಿಲ್ ಮುರಿದ ಸದ್ದಿಗೆ ತುಮಕೂರಿನಲ್ಲಿ ಮಲಗಿದ್ದ ಎಮ್ಮೆಗಳು ಎದ್ದು ನಿಂತವು. ಇಪ್ಪತ್ತನಾಲ್ಕು ಮಿಲಿಮೀಟರ್ ಇಳಿಯಬೇಕಿದ್ದ ಡ್ರಿಲ್ ನಲವತ್ತೆರಡು ಇಳಿದಿತ್ತು. ಮೆಷಿನ್ ನಡೆಸುತ್ತಿದ್ದ ಕೊಟ್ರೇಶನ ಕೆಲಸವೂ ಅದರ ಜೊತೆಗೇ ಮುರಿಯಿತು.

ಕೆಟ್ಟ ಮಾಲಿನ ಬಗ್ಗೆ ಗಿರಾಕಿ ಕಂಪನಿಗೆ ಫಾರಂ ತುಂಬಿಕೊಟ್ಟವಳು, ಮೆಷಿನ್‌ಗಳಿಗೆ ಪ್ರೋಗ್ರಾಂ ಬರೆಯುವ ಭಾಗ್ಯಶ್ರೀ. 'ಕಾರಣ' ಎಂಬ ಕಲಮಿನಲ್ಲಿ ಶೆಡ್ಡಿನ ಪದ್ಧತಿಯಂತೆ 'ಆಪರೇಟರ್ ಅಜಾಗರೂಕತೆ' ಎಂದು ಬರೆದಿದ್ದಳು. ಭೂಕಂಪವಾದರೂ ಅಲ್ಲಿ ಬರೆಯುವುದು ಅದನ್ನೇ. ಹಾಗೆ ಬರೆದರೆ ಗಿರಾಕಿ ಮರುಪ್ರಶ್ನೆ ಕೇಳುವುದಿಲ್ಲ. ಆದರೆ "ನೀವು ಕೊಟ್ಟ ಪ್ರೋಗ್ರಾಮೇ ಹಾಕೀನ್ರಿ ಅಕ್ಕಾರ" ಎಂದು ಹೇಳಿ ಹೋದ ಕೊಟ್ರೇಶನ ಮಾತು ಅವಳ ಕಿವಿಯಲ್ಲಿ ಡ್ರಿಲ್ಲಿಗಿಂತ ಜೋರಾಗಿ ತಿರುಗುತ್ತಿತ್ತು.

ಅವಳ ಅನುಮಾನ ವರ್ಷನ್ ಕಂಟ್ರೋಲ್ ಸಾಫ್ಟ್‌ವೇರಿನ ಮೇಲೆ ಬಿತ್ತು. ಪ್ರೋಗ್ರಾಮಿನ ಪ್ರತಿ ತಿದ್ದುಪಡಿಯನ್ನೂ ಕಾದಿಟ್ಟು, ಕೇಳಿದಾಗ ಕೊನೆಯದನ್ನು ಕೊಡುವುದು ಅದರ ಕೆಲಸ. ಅದೇ ಹಳೆಯದನ್ನು ಕೊಟ್ಟಿದ್ದರೆ? ತಯಾರಿಸಿದವರಿಗೆ ಬರೆದಾಗ ಉತ್ತರ ಬಂತು: "ಮತ್ತೆ ಹಾಗಾದ ಕ್ಷಣವೇ ಈ ಕಮಾಂಡ್ ಕೊಡಿ. ಒಳಗಿನ ಮಾಹಿತಿಯೆಲ್ಲ ಒಂದು ಜಿಪ್ ಫೈಲಿಗೆ ಬರುತ್ತದೆ. ಕಂಪ್ಯೂಟರ್ ಆರಿಸಿದರೆ ಕುರುಹು ಉಳಿಯುವುದಿಲ್ಲ."

"ಶನಿವಾರ ಸಂಜೆವರ್ಗೂ ಟೈಮು. ಸಾಕ್ಷಿ ತೋರ್ಸಮ್ಮ," ಎಂದರು ನರಸಪ್ಪ. "ಇಲ್ಲಾಂದ್ರೆ ಸೋಮವಾರ ಕೊಟ್ರೇಶನ ಜಾಗಕ್ಕೆ ಬೇರೆಯವ್ನು ಬತ್ತಾನೆ."

ಆ ಒಂದೇ ಪ್ರೋಗ್ರಾಮನ್ನು ಭಾಗ್ಯಶ್ರೀ ಮೂರು ದಿನದಲ್ಲಿ ಮೂರು ಲಕ್ಷ ಸಲ ತರಿಸಿದಳು. ಶನಿವಾರ ಮಧ್ಯಾಹ್ನ ಎರಡಕ್ಕೆ ಪರದೆ 'ಹದಿನೇಳನೆಯ ಆವೃತ್ತಿ ಬಂತು' ಎಂದಿತು. ತೆರೆದರೆ ಆಳ ನಲವತ್ತೆರಡು! ಕೊನೆಯ ತಿದ್ದುಪಡಿಯಾದ ಹದಿನೇಳರಲ್ಲಿ ಅದನ್ನು ಇಪ್ಪತ್ತನಾಲ್ಕಕ್ಕೆ ಇಳಿಸಿದ್ದವಳು ಅವಳೇ.

ಕಮಾಂಡ್ ಕೊಟ್ಟಳು. ನೂರಕ್ಕೆ ಎಂಟರಷ್ಟು ಆಗುವಷ್ಟರಲ್ಲಿ ಕರೆಂಟ್ ಹೋಯಿತು. ಶೆಡ್ಡು ಸ್ತಬ್ಧ. ಯುಪಿಎಸ್ ಮಾತ್ರ ಕೀಂ ಕೀಂ ಎನ್ನತೊಡಗಿತು. ಅದರ ಆಯುಷ್ಯ ಐದು ನಿಮಿಷ.

"ಆರಿಸು ಯವ್ವಾ, ಬ್ಯಾಟರಿ ಸಾಯ್ತದ," ಎನ್ನುತ್ತ ಸೂಪರ್‌ವೈಸರ್ ಮುತ್ತಣ್ಣ ಗುಂಡಿಗೆ ಬೆರಳು ಚಾಚಿದ.

"ಮುಟ್ಟಿದ್ರ ಕೈ ಮುರೀತೀನಿ, ಮುತ್ತಣ್ಣಾರ!"

"ಅಬಾಬಾ! ನಿಮ್ಮ ತವರಮನಿಯಿಂದ ತಂದಿಯೇನ ಇದನ್ನ?"

"ಕೊಟ್ರೇಶನ ಕೆಲಸ ಐತ್ರಿ ಇದರಾಗ."

ಬೆರಳು ಹಿಂದೆ ಸರಿಯಿತು. ಮುತ್ತಣ್ಣ ಯುಪಿಎಸ್ಸಿಗೆ ಸಿಕ್ಕಿಸಿದ್ದ ಪ್ರಿಂಟರಿನ ವೈರು ಕಿತ್ತ, ಸಾಹುಕಾರರ ಫೋನ್ ಚಾರ್ಜರ್ ಕಿತ್ತ, ಕೊನೆಗೆ ದೇವರ ಪಟದ ದೀಪದ ಮಾಲೆಯನ್ನೂ ಕಿತ್ತ. "ಸ್ವಲ್ಪ ಕತ್ತಲದಾಗ ಇರಪ್ಪಾ, ತಂದಿ."

ಅರವತ್ತು. ಎಪ್ಪತ್ತು. ಅಷ್ಟರಲ್ಲಿ ಪರದೆ ಪ್ರಶ್ನೆಗಳನ್ನು ತೆರೆಯಿತು: ಏನು ಮಾಡಿದಿರಿ? ಏನಾಗಬೇಕಿತ್ತು? ಏನಾಯಿತು? ಕಾರಣ ಗೊತ್ತೇ?

ಕೀಂ ಕೀಂ ಸದ್ದಿನ ನಡುವೆ ಅವಳ ಬೆರಳುಗಳು ತಾವಾಗಿಯೇ ಓಡಿದವು. ಓದಿಕೊಂಡಳು. 'ಕಾರಣ: ಆಪರೇಟರ್ ಅಜಾಗರೂಕತೆ.' ಯಾರೂ ಕೇಳದೆ, ಯಾರೂ ಹೇಳದೆ, ಅದೇ ಸಾಲು!

ಅಳಿಸಿದಳು. 'ಹದಿನೇಳು ಕೇಳಿದೆ. ಹದಿನೇಳೆಂದು ಹೇಳಿ ಹಳೆಯದನ್ನು ಕೊಟ್ಟಿತು. ಕಾರಣ ಗೊತ್ತಿಲ್ಲ.' ಪೀಣ್ಯದಲ್ಲಿ ಮೊದಲ ಕಾರ್ಖಾನೆ ಎದ್ದ ದಿನದಿಂದ ಯಾವ ಫಾರಮ್ಮಿನಲ್ಲೂ ಯಾರೂ ಬರೆಯದ ಉತ್ತರ.

ನೂರು. ಮೊಬೈಲಿನ ನೆಟ್ ಹಿಡಿದು ಜಿಪ್ ಫೈಲ್ ಹೊರಟಿತು. ಬೆನ್ನಿಗೇ ಪರದೆ ಕಪ್ಪಾಯಿತು.

ಐದೂವರೆಗೆ ಉತ್ತರ ಬಂತು: "ಹೊಸ ಫೈಲು ಬರುವುದು ಅರ್ಧದಲ್ಲೇ ನಿಂತು ಹಳೆಯದೇ ಉಳಿದರೂ ನಮ್ಮ ಸಾಫ್ಟ್‌ವೇರ್ 'ಬಂತು' ಎನ್ನುತ್ತಿದೆ. ನಿಮ್ಮ ಮಾಹಿತಿಯಲ್ಲಿ ಸ್ಪಷ್ಟವಾಗಿದೆ. ತಪ್ಪು ನಮ್ಮದು."

ನರಸಪ್ಪ ಮೂರು ಸಲ ಓದಿಸಿಕೊಂಡರು. "ಬುಧವಾರ ಇಳಿದಿದ್ದೂ ಇದೇ ನಲವತ್ತೆರಡು ಅಲ್ವಾ? ಕೊಟ್ರೇಶನ್ಗೆ ಬರಕ್ಕೇಳು."

ಟಿ. ದಾಸರಹಳ್ಳಿಯ ಕೋಣೆಯಲ್ಲಿದ್ದ ಕೊಟ್ರೇಶ ಫೋನ್ ಎತ್ತಿದ. ಸುದ್ದಿ ಕೇಳಿ ಅಂದ: "ಬರ್ತೀನ್ರಿ ಅಕ್ಕಾರ. ಆ ಫಾರಮ್ಮಿನಾಗ ನನ್ನ ಮ್ಯಾಲ ಬರದದ್ದು?"

ಭಾಗ್ಯಶ್ರೀ ಗಿರಾಕಿಯ ಫಾರಂ ತೆರೆದಳು.

"ಅದ್ಯಾಕಮ್ಮ ಈಗ? ಮತ್ತೆ ನೂರು ಪ್ರಶ್ನೆ ಕೇಳ್ತಾರೆ," ಎಂದರು ಹಿಂದಿನಿಂದ ನರಸಪ್ಪ.

"ಕೇಳ್ಲಿ ಬಿಡ್ರಿ ಸರ. ಈ ಸಲ ಹೇಳಾಕ ಉತ್ತರ ಐತಿ," ಎನ್ನುತ್ತ ಅವಳು ಕಾರಣದ ಕಲಮನ್ನು ಅಳಿಸಿದಳು.