ಮುಯ್ಯಾಳಿಗೆ ಹೋದ ಟ್ರ್ಯಾಕ್ಟರು

ನಮ್ಮ ನಾಲ್ಕಾರು ಮನೆಗಳಲ್ಲಿ ನಾಟಿಗೆ ಕೂಲಿ ಕೊಡುವ ಕ್ರಮವಿಲ್ಲ. ಮುಯ್ಯಾಳು. ಅವರ ಗದ್ದೆಗೆ ನಾವು ಹೋದರೆ ನಮ್ಮ ಗದ್ದೆಗೆ ಅವರು ಬರುತ್ತಾರೆ. ಈ ವರ್ಷ ನನ್ನ ಹೆಂಡತಿ ಕಲ್ಲಮ್ಮನಿಗೆ ಮಂಡಿ ನೋವು, ನನಗೆ ಸೊಂಟ. ಯಾರ ಗದ್ದೆಗೂ ಇಳಿಯಲಾಗಲಿಲ್ಲ. ಸಸಿ ಬಲಿಯುತ್ತಾ ಬಂತು, ನಮ್ಮ ನಾಟಿಗೆ ಜನ ಇಲ್ಲ.

ಸರದಿ ಗೊತ್ತುಮಾಡುವವಳು ವೀರಬಸಮ್ಮ. ನನಗೆ ಬಗ್ಗಲಾಗದು, ಗಾಡಿ ಮೇಲೆ ಕೂರಬಹುದು, ಅದಕ್ಕೆ ಈ ಸಲ ನಮ್ಮ ಮನೆಯಿಂದ ಟ್ರ್ಯಾಕ್ಟರು ಮುಯ್ಯಾಳಿಗೆ ಬರುತ್ತದೆ ಅಂತ ಅವಳಿಗೆ ಹೇಳಿದೆ. ಜಗಲಿಯಲ್ಲಿದ್ದವರೆಲ್ಲ ನಕ್ಕರು.

ನನ್ನದು ಹಳೇ ಪುಟ್ಟ ಡೀಸೆಲ್ ಗಾಡಿ. ಮೂರು ಸಿಲಿಂಡರು, ಹದಿನೆಂಟು ಎಚ್‌ಪಿ, ಅಗಲ ಎರಡು ಮೊಳ. ಕೀಲಿ ತಿರುಗಿಸಿದ ಕೂಡಲೇ ಏಳುವ ಜಾತಿಯಲ್ಲ. ಮೊದಲು ಹೀಟರ್ ಹಾಕಿ, ಒಂದು ಎಲೆಅಡಿಕೆ ಮಡಚುವಷ್ಟು ಹೊತ್ತು ಕಾಯಬೇಕು. ಎದ್ದರೆ ಮಾತ್ರ ನಾಲ್ಕು ಗಾಲಿಗೂ ಎಳೆತ.

"ಶಾಂತಣ್ಣ, ಇದು ಆಳೋ, ಆಡಿನ ಮರಿಯೋ?" ಅಂದಳು ವೀರಬಸಮ್ಮ. "ನಮ್ಮ ಸೋಮನಾಥನ ಹುದುಲು ಗದ್ದೆ ಹೂಡಿ ತೋರಿಸು. ಆಮೇಲೆ ಆಳು ಅಂತ ಒಪ್ಪುತ್ತೇನೆ."

ಸೋಮನಾಥ ಅವಳ ಮಗ. ಅವನ ಗದ್ದೆಯಲ್ಲಿ ಕಾಲಿಟ್ಟರೆ ಮಂಡಿವರೆಗೆ ಹೂತುಹೋಗುತ್ತದೆ. ಎನ್.ಆರ್.ಪುರದಿಂದ ಬಾಡಿಗೆಗೆ ಬಂದ ದೊಡ್ಡ ಟ್ರ್ಯಾಕ್ಟರು ಇಳಿದ ಜಾಗದಲ್ಲೇ ಕೂತು, ಅದನ್ನು ಎಳೆಯಲು ಜೆಸಿಬಿ ಬರಬೇಕಾಗಿತ್ತು.

ನಾನು ಗಾಡಿಯ ಹಿಂದೆ ಮಣ್ಣು ಕಲಸುವ ರೋಟವೇಟರ್ ಕಟ್ಟಿ, ಲೋ ಗೇರಿಗೆ ಹಾಕಿ, ಅಂಚಿನ ಸಪೂರ ದಾರಿಯಲ್ಲೇ ಇಳಿಸಿದೆ. ಗದ್ದೆಯ ನಡುವೆ ಬಲಗಡೆ ಹಿಂಗಾಲಿ ನಿಂತಲ್ಲೇ ಸುತ್ತತೊಡಗಿತು. ಅಂಚಿನ ಮೇಲೆ ಮತ್ತೆ ನಗು. ನಾನು ಅವಸರ ಮಾಡಲಿಲ್ಲ. ಲಿಫ್ಟಿನಲ್ಲಿ ರೋಟವೇಟರ್ ಎತ್ತಿದೆ, ಕಾಲಡಿಯ ಡಿಫರೆನ್ಷಿಯಲ್ ಲಾಕ್ ಮೆಟ್ಟಿದೆ. ಎರಡು ಹಿಂಗಾಲಿಯೂ ಒಟ್ಟಿಗೆ ತಿರುಗಿದವು. ಹಗುರ ಗಾಡಿ, ಕೆಸರು ಕೊಡವಿಕೊಂಡು ಎಮ್ಮೆಕರುವಿನ ಹಾಗೆ ಎದ್ದು ಬಂತು. ಮಧ್ಯಾಹ್ನದ ಹೊತ್ತಿಗೆ ಗದ್ದೆ ದೋಸೆಹಿಟ್ಟಿನ ಹಾಗಾಗಿತ್ತು.

ಮುಯ್ಯಾಳಿಗೆ ಊಟ ಹಾಕದೆ ಯಾರೂ ಕಳಿಸುವುದಿಲ್ಲ. ವೀರಬಸಮ್ಮ ನನಗೆ ಎಲೆ ಹಾಕಿದಳು. ಆಮೇಲೆ ಮಗನನ್ನು ಕರೆದು ಏನೋ ಹೇಳಿದಳು. ಅವನು ಡೀಸೆಲ್ ಕ್ಯಾನು ತಂದು ಗಾಡಿಯ ಪಕ್ಕ ಇಟ್ಟ.

"ಇದರ ಊಟ, ದೊಡ್ಡಪ್ಪ."

ಆಗ ನನಗೆ ಗೊತ್ತಾಯಿತು, ವೀರಬಸಮ್ಮ ಇದನ್ನು ಆಳು ಅಂತ ಒಪ್ಪಿದ್ದಾಳೆ.

ಮಾರನೇ ದಿನ ಬೆಳಿಗ್ಗೆ ನಮ್ಮ ಗದ್ದೆಯಂಚಿನ ಮೇಲೆ ಸಾಲಾಗಿ ಜನ, ಮುಂದೆ ವೀರಬಸಮ್ಮ. ನಾಲ್ಕಾರು ಮನೆಯವರೂ ಇದ್ದರು. ಕಲ್ಲಮ್ಮ ಅಂಚಿನ ಮೇಲೆ ಕೂತು ಸಸಿಕಟ್ಟು ಎಸೆಯುತ್ತಾ, ಎಲ್ಲರಿಗೂ ಕೇಳುವ ಹಾಗೆ ಕೇಳಿದಳು: "ಆಡಿನ ಮರಿಯ ಮುಯ್ಯಿ ತೀರಿಸಲು ಇಷ್ಟು ಜನ ಬೇಕಾಯ್ತಾ?"

ವೀರಬಸಮ್ಮ ತಲೆ ಎತ್ತಲಿಲ್ಲ. "ಸಸಿ ಎಸಿ ಮಾರಾಯ್ತಿ," ಅಂದಳು. "ನಾಳೆ ನಮ್ಮ ಮೇಲಿನ ಗದ್ದೆಗೂ ಅದನ್ನೇ ಕಳಿಸು."