ಉಸಿರಿಗೆ ಬಿಟ್ಟ ಎರಡಿಂಚು

ನಾನೊಂದು ವೆಟ್‌ಸೂಟ್. ಕಡಲಿಗೆ ಇಳಿಯುವವರು ಚಳಿ ತಡೆಯಲು ತೊಡುವ ರಬ್ಬರಿನ ಮೈಯಂಗಿ. ನನ್ನ ಜಾತಿಯವರೆಲ್ಲ ಹುಟ್ಟುವುದು ದೂರದ ಕಾರ್ಖಾನೆಗಳಲ್ಲಿ. ನಾನು ಹುಟ್ಟಿದ್ದು ಶಿರೂರು ಪೇಟೆಯಲ್ಲಿ, ರವಿಕೆ ಹೊಲಿಯುವ ವಾಮನ ಶೇರುಗಾರರ ಹೊಲಿಗೆ ಮಿಷನ್ನಿನ ಮೇಲೆ. ಒಂದು ಮಗ್ಗುಲಲ್ಲಿ ಮದುಮಗಳ ಜರಿ ರವಿಕೆ, ಇನ್ನೊಂದು ಮಗ್ಗುಲಲ್ಲಿ ಶಾಲೆಯ ಚಡ್ಡಿಗಳ ರಾಶಿ, ನಡುವೆ ಕರ್ರಗೆ ನಾನು.

ನನ್ನ ತೋಳುಗಳು ಹಿಂದಿನ ಜನ್ಮದಲ್ಲಿ ಕಾಲುಗಳಾಗಿದ್ದವು. ಇದು ಸುಳ್ಳಲ್ಲ. ಮುರುಡೇಶ್ವರದಲ್ಲಿ ಪ್ರವಾಸಿಗರನ್ನು ಕಡಲಿಗಿಳಿಸುವ ಅಂಗಡಿಯೊಂದರವರು ಎಸೆಯಲಿಟ್ಟಿದ್ದ ಎರಡು ಹರಕು ಸೂಟುಗಳಿಂದ ನನ್ನನ್ನು ಕತ್ತರಿಸಿದ್ದು. ಮೈ ಯಾರೋ ದಪ್ಪನೆಯವನದು, ತೋಳು ಯಾರೋ ಆರಡಿಯವನ ಕಾಲಿನದು. ನನ್ನ ಯಜಮಾನ ಜಟ್ಟಪ್ಪನಿಗೆ ಆ ಅಳತೆಯೇ ಬೇಕಿತ್ತು.

ಜಟ್ಟಪ್ಪ ಕಡಲಲ್ಲಿ ಮುಳುಗಿ, ಬಂಡೆಗೆ ಕಚ್ಚಿಕೊಂಡಿರುವ ಪಚ್ಚಿಲೆ ಚಿಪ್ಪುಗಳನ್ನು ಕೀಳುವವ. ಕಾಲು ಗಿಡ್ಡ, ಎದೆ ಚೆಂಡೆ. ತೋಳು ಮಾತ್ರ ದೇವರು ಬೇರೆ ಯಾರಿಗೋ ಎಂದು ತೆಗೆದಿಟ್ಟಿದ್ದನ್ನು ಅವಸರದಲ್ಲಿ ಇವನಿಗೆ ಜೋಡಿಸಿದ ಹಾಗಿತ್ತು. ಬಗ್ಗದೆ ಮೊಣಕಾಲು ತುರಿಸಿಕೊಳ್ಳುತ್ತಿದ್ದ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತೇ ಮುಂಬಾಗಿಲಲ್ಲಿದ್ದ ಕಂಡಕ್ಟರಿಗೆ ಚಿಲ್ಲರೆ ಕೊಟ್ಟಿದ್ದನಂತೆ. ನಾನು ಆ ಬಸ್ಸಿನಲ್ಲಿರಲಿಲ್ಲ, ಆದರೆ ನಂಬುತ್ತೇನೆ.

ಅವನು ಮುಳುಗಿದೊಡನೆ ಹೆಂಡತಿ ದುರ್ಗಮ್ಮ ಬಂಡೆಯ ಮೇಲೆ ಕೂತು, ಪಕ್ಕದ ಬಂಡೆಯಲ್ಲಿ ಚಿಪ್ಪು ಆಯುವ ಪದ್ದಕ್ಕನ ಜೊತೆ ಜಗಳ ತೆಗೆಯುತ್ತಿದ್ದಳು. ಜಗಳ ಹುಟ್ಟಿ, ಬೆಳೆದು, ಅಜ್ಜಿಯಂದಿರ ಕಾಲದ ಕೋಳಿಯವರೆಗೂ ಹೋಗಿ, ಕೊನೆಗೆ ರಾಜಿಯಾಗಿ ಇಬ್ಬರೂ ಎಲೆಯಡಿಕೆ ಹಂಚಿಕೊಳ್ಳುವ ಹೊತ್ತಿಗೆ ಜಟ್ಟಪ್ಪನ ತಲೆ ಮೇಲೆ ಬರುತ್ತಿತ್ತು. ಅಷ್ಟು ಉಸಿರು ಆ ಎದೆಯಲ್ಲಿ.

ನಲವತ್ತೈದು ದಾಟಿದ ಮೇಲೆ ಅವನಿಗೆ ಚಳಿ ಹಿಡಿಯಿತು. ನಾಲ್ಕು ಸಲ ಮುಳುಗುವಷ್ಟರಲ್ಲಿ ಹಲ್ಲು ಕಟಕಟ. ಮುರುಡೇಶ್ವರದ ಅಂಗಡಿಯಲ್ಲಿದ್ದ ಸೂಟುಗಳನ್ನೆಲ್ಲ ತೊಟ್ಟು ನೋಡಿದ. ಕಾಲು ನೆಲ ಗುಡಿಸುತ್ತಿತ್ತು, ತೋಳು ಮೊಣಕೈಗೇ ಮುಗಿಯುತ್ತಿತ್ತು, ಬೆನ್ನಿನಲ್ಲಿ ಹೊಳೆ ಹರಿಯುತ್ತಿತ್ತು. ನಮ್ಮ ಕೆಲಸ ಇಷ್ಟೇ: ಮೈಗೆ ಅಂಟಿಕೊಂಡು, ಒಳಗೆ ನುಗ್ಗಿದ ತುಸು ನೀರನ್ನು ಹಿಡಿದಿಟ್ಟುಕೊಂಡರೆ ಮೈಯೇ ಅದನ್ನು ಬಿಸಿ ಮಾಡಿಕೊಳ್ಳುತ್ತದೆ. ಸಡಿಲವಾದರೆ ನಾವು ಗೋಣಿಚೀಲಕ್ಕೆ ಸಮ. ಹೊಂದುವ ಸೂಟು ಸಿಗದಿದ್ದರೆ ಅವನಿಗೆ ಕಡಲು ಮುಗಿದ ಹಾಗೆ. ಹಾಗಾಗಿ ಹರಕು ಸೂಟುಗಳನ್ನು ಹೆಗಲಿಗೇರಿಸಿಕೊಂಡು ವಾಮನರ ಅಂಗಡಿಗೆ ಬಂದ.

"ಎಷ್ಟ್ ಸಡ್ಲ ಬಿಡುದ್?" ವಾಮನರು ಕೇಳಿದರು.

"ಒಂಚೂರೂ ಬೇಡ ಶೇರುಗಾರ್ರೆ. ಚರ್ಮದಂಗೆ ಇರ್ಕ್."

"ಚರ್ಮ ಹೊಲುಕೆ ನಾನೆಂತ ಬ್ರಹ್ಮನಾ?"

"ಬ್ರಹ್ಮ ಹೊಲ್ದದ್ದ್ ಕಾಣ್ತಿಲ್ಯಾ? ಅವನಿಗಿಂತ ನೀವೇ ಅಡ್ಡಿಲ್ಲೆ."

ವಾಮನರಿಗೆ ಎರಡು ಅಭ್ಯಾಸ. ಒಂದು, ಎದೆಗೆ ಟೇಪು ಸುತ್ತಿ "ಉಸ್ರ್ ಬಿಡಿ" ಎನ್ನುವುದು. ಅಳತೆ ಕೊಡುವಾಗ ಊರಿನ ಹೆಂಗಸರೆಲ್ಲ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರಿಂದ ಬಂದ ಅಭ್ಯಾಸ. ಇನ್ನೊಂದು, ಮುಂದೆ ಮೈ ಬಂದರೆ ಬಿಚ್ಚಿ ಅಗಲ ಮಾಡಲು ಒಳಗೆ ಬಟ್ಟೆ ಬಿಡುವುದು. ಜಟ್ಟಪ್ಪ ಉಸಿರು ಬಿಟ್ಟ. ಎದೆ ನಲವತ್ತು ಇಂಚು. ಆ ಲೆಕ್ಕಕ್ಕೆ ನನ್ನನ್ನು ಬಿಗಿಯಾಗಿ ಹೊಲಿದು, ಒಂದೊಂದು ಪಕ್ಕೆಗೆ ಎರಡಿಂಚಿನಂತೆ ಒಳಗೆ ಮಡಚಿ, ಸೈಕಲ್ ಪಂಕ್ಚರಿನ ಸಲ್ಯೂಷನ್ನಿನಿಂದ ಅಂಟಿಸಿದರು. ವೆಟ್‌ಸೂಟಿಗೆ ಒಳಗೆ ಬಟ್ಟೆ ಬಿಟ್ಟವರು ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಮುರುಡೇಶ್ವರದ ಅಂಗಡಿಯ ಡೈವಿಂಗ್ ಮಾಸ್ತರು ನನ್ನನ್ನು ತಿರುವಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೊದಲ ದಿನ ಬಂಡೆಯ ಮೇಲೆ ನಿಂತು ಜಟ್ಟಪ್ಪ ಉಸಿರು ಎಳೆದ. ಅವನ ಎದೆ ಏಳುವುದು ಗೊತ್ತಾಯಿತು, ಏಳುತ್ತಲೇ ಇತ್ತು. ನನಗೆ ಜಾಗ ಬಿಡಲಾಗಲಿಲ್ಲ. ಅರ್ಧ ಉಸಿರಿನಲ್ಲೇ ಮುಳುಗಿ, ಅರ್ಧದಲ್ಲೇ ಎದ್ದು ಬಂದ.

"ಎಂತ ಹ್ವಾಯ್," ಎಂದಳು ದುರ್ಗಮ್ಮ, "ನಾ ಇನ್ನೂ ಬಾಯಿ ತೆಗಿಲಿಲ್ಲೆ!"

ಮರುದಿನ ವಾಮನರೇ ಬಂಡೆಗೆ ಬಂದರು. ಕಡಲ ಪಕ್ಕದಲ್ಲೇ ಹುಟ್ಟಿ ಪಾದ ಒದ್ದೆ ಮಾಡಿಕೊಳ್ಳದವರು, ಪಂಚೆ ಎತ್ತಿ ಕಟ್ಟಿ, ಟೇಪನ್ನು ದೇವರ ಪ್ರಸಾದದ ಹಾಗೆ ಮುಷ್ಟಿಯಲ್ಲಿ ಹಿಡಿದು ನಿಂತರು. ನನ್ನನ್ನು ಕಳಚಿಸಿ, "ಈಗ ಮುಳ್ಗುಕೆ ಹ್ಯಾಂಗೆ ಉಸ್ರ್ ಎಳಿತ್ರಿ, ಹಾಂಗೇ ಎಳ್ಕಣಿ ಕಾಂಬ" ಎಂದರು.

ನಲವತ್ನಾಲ್ಕು.

"ಮೂವತ್ತ್ ವರ್ಷ ಎಲ್ಲರ ಹತ್ರ ಉಸ್ರ್ ಬಿಡಿ ಅಂದೆ," ಎಂದು ವಾಮನರು ಕಡಲನ್ನು ನೋಡುತ್ತ ಹೇಳಿದರು. "ಒಬ್ಬರ ಹತ್ರನೂ ಎಳ್ಕಣಿ ಅನ್ಲಿಲ್ಲೆ ಕಾಣಿ."

ಆ ಸಂಜೆ ಹೊಲಿಗೆ ಬಿಚ್ಚಿದರು. ಮಾಸ್ತರು ನಕ್ಕಿದ್ದ ಆ ಎರಡೆರಡು ಇಂಚು ಬೆಳಕಿಗೆ ಬಂತು. ಹಳೆಯ ಸೂಜಿತೂತುಗಳ ಮೇಲೆ ಸಲ್ಯೂಷನ್ ಬಳಿದು ಮುಚ್ಚಿದರು. ಅಲ್ಲಿಂದ ನಾನು ಅವನ ಚರ್ಮವಾದೆ.

ಹನ್ನೊಂದು ವರ್ಷ. ಮಳೆಗಾಲ ಕಳೆದು ಕಡಲು ತಿಳಿಯಾದೊಡನೆ ನಾವು ಇಳಿಯುತ್ತಿದ್ದೆವು. ಹಸಿರು ಕತ್ತಲು, ಕಿವಿ ತುಂಬಿದ ಮೌನ, ಬಂಡೆಯ ಸಂದಿಗೆ ಭುಜದವರೆಗೂ ಹೋಗುವ ಆ ತೋಳು, ನಮ್ಮಿಬ್ಬರ ನಡುವೆ ಬೆಚ್ಚಗಾದ ಒಂದು ಬೊಗಸೆ ನೀರು. ಅವನ ಹೃದಯ ನನ್ನನ್ನು ಒಳಗಿನಿಂದ ತಟ್ಟುತ್ತಿತ್ತು. ಮೇಲೆ ಜಗಳಗಳು ಹುಟ್ಟಿ ಸಾಯುತ್ತಿದ್ದವು.

ಆಮೇಲೆ ಅವನಿಗೆ ಶ್ವಾಸಕೋಶದ ಜ್ವರ ಬಂತು. ಕಡಲು ಇನ್ನು ಬೇಡ ಎಂದರು ಡಾಕ್ಟರು. ನಾನು ಕಣ್ಣಿಗೆ ಬಿದ್ದರೆ ಅವನು ಹೊರಟೇಬಿಡುತ್ತಾನೆಂದು ಹೆದರಿ ದುರ್ಗಮ್ಮ ನನ್ನನ್ನು ಗೋಣಿಯಲ್ಲಿ ಸುತ್ತಿ ಮುರುಡೇಶ್ವರದ ಅಂಗಡಿಗೆ ಕೊಟ್ಟು ಬಂದಳು.

ಎರಡು ವರ್ಷ ಗೂಟದಲ್ಲಿ ನೇತಾಡಿದೆ. ಎಷ್ಟೋ ಜನ ತೊಟ್ಟು ನೋಡಿದರು. ದಾವಣಗೆರೆಯ ಒಬ್ಬ ಬ್ಯಾಂಕ್ ಮ್ಯಾನೇಜರು ನನ್ನನ್ನು ತಲೆಕೆಳಗಾಗಿ ತೊಟ್ಟು, ತೋಳುಗಳಲ್ಲಿ ಕಾಲು ಹಾಕಿ, "ಈಗ ಸರಿಯಾಯ್ತು ನೋಡಿ" ಎಂದ. ಒಂದು ರೀತಿಯಲ್ಲಿ ಆ ತೋಳುಗಳು ತವರಿಗೆ ಹೋಗಿ ಬಂದವು. ಆದರೆ ಯಾರ ಎದೆಯೂ ನನ್ನನ್ನು ತುಂಬಲಿಲ್ಲ. ಗಾಳಿ ಬೀಸಿದಾಗ ನಾನು ಒಮ್ಮೆ ಉಬ್ಬುತ್ತಿದ್ದೆ. ಅವನೇ ಬಂದನೇನೋ ಅನಿಸುತ್ತಿತ್ತು. ಗಾಳಿ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಬಾಗಿಲಲ್ಲಿ ದುರ್ಗಮ್ಮ.

"ಆ ಅಂಗಿ ಕೊಡಿ ಮಾರಾಯ್ರೆ. ಮನೆಲಿ ಒಬ್ರ್ ಎರಡ್ ವರ್ಷದಿಂದ ಗೋಡೆ ಕಂಡ್ಕಂಡ್ ಕೂಕಂಡಿದ್ರ್. ಜಗಳಕ್ಕೂ ಸಿಕ್ಕುದಿಲ್ಲೆ."

ನನ್ನನ್ನು ಕಂಡೊಡನೆ ಜಟ್ಟಪ್ಪ ಗೋಡೆ ಬಿಟ್ಟು ಎದ್ದ. ತೊಟ್ಟುಕೊಂಡ. ಅವನ ಮೇಲೆ ನಾನು ಬೇರೆ ಯಾರದೋ ಅಂಗಿಯ ಹಾಗೆ ಜೋತುಬಿದ್ದೆ. ತೋಳುಗಳು ಮಾತ್ರ ಸರಿಯಾಗಿದ್ದವು. ತೋಳಿಗೆ ಯಾವ ಜ್ವರವೂ ಬರುವುದಿಲ್ಲ.

ಮತ್ತೆ ಪೇಟೆಯ ಅಂಗಡಿಗೆ ಹೋದೆವು. ವಾಮನರು ದಪ್ಪ ಕನ್ನಡಕ ಸರಿಮಾಡಿಕೊಂಡು ಟೇಪು ಸುತ್ತಿದರು. "ಉಸ್ರ್ ಎಳ್ಕಣಿ." ಜಟ್ಟಪ್ಪ ತನ್ನಲ್ಲಿದ್ದಷ್ಟನ್ನೂ ಎಳೆದುಕೊಂಡ. ಕುತ್ತಿಗೆಯ ನರ ಎದ್ದವು. ವಾಮನರು ಟೇಪನ್ನು ಒಮ್ಮೆ ನೋಡಿ, ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

"ಎಷ್ಟ್ ಬಂತ್?" ಎಂದಳು ದುರ್ಗಮ್ಮ.

"ಸಮ ಇತ್ತ್," ಎಂದರು.

ನಲವತ್ತಿತ್ತು. ಒಂದು ಕಾಲದಲ್ಲಿ ಉಸಿರೆಲ್ಲ ಬಿಟ್ಟಾಗ ಇದ್ದ ಅಳತೆ. ವಾಮನರು ಪಕ್ಕೆಯ ಸಲ್ಯೂಷನ್ ಕೆರೆದರು. ಅಡಿಯಲ್ಲಿ ಆ ಮೊದಲ ಹೊಲಿಗೆಯ ತೂತುಗಳು ಸಾಲಾಗಿ ಹಾಗೇ ಇದ್ದವು. ಹೊಸ ನೂಲು ಹಳೆಯ ದಾರಿಯಲ್ಲೇ ನಡೆಯಿತು.

"ಸೊಂಟದವರೆಗೆ ಅಷ್ಟೇ," ಎಂದಿದ್ದಳು ದುರ್ಗಮ್ಮ. ಕಡಲು ಎಣ್ಣೆಯ ಹಾಗೆ ಮಲಗಿತ್ತು. ಜಟ್ಟಪ್ಪ ಬಂಡೆಯಂಚು ಹಿಡಿದು ಸೊಂಟದವರೆಗೆ ಇಳಿದು ತಿರುಗಿ ನೋಡಿದ. ಅವಳು ಬೇಕೆಂದೇ ಪದ್ದಕ್ಕನ ಬಂಡೆಯ ಕಡೆ ಮುಖ ತಿರುಗಿಸಿದಳು. ಅವನು ಉಸಿರೆಳೆದ. ನಾನು ಪೂರ್ತಿ ತುಂಬಿದೆ. ಮುಳುಗಿದೆವು.

ತಳ ಕಾಣಲಿಲ್ಲ. ತಳ ಬಹಳ ದೂರವಿತ್ತು. ಆ ತೋಳು ಮಾತ್ರ ಮೊದಲ ಸಂದಿಗೆ ಚಾಚಿ, ತಡಕಿ, ಏನನ್ನೋ ಕಿತ್ತಿತು. ಅಷ್ಟರಲ್ಲಿ ಬೆಳಕು ಬಂತು.

"ಬಂದ್ರ್ಯಾ?" ಎಂದಳು ದುರ್ಗಮ್ಮ. "ನಾ 'ಪದ್ದಕ್ಕಾ' ಅಂದದ್ದಷ್ಟೇ!"

ಏದುಸಿರು ತಗ್ಗುವವರೆಗೆ ಕಾದು ಅವನು ಹೇಳಿದ: "ಉದ್ದ ಹೆಸರಿನವರ ಹತ್ರ ಜಗಳ ಮಾಡ್." ಅಂಗೈ ಬಿಡಿಸಿದ. ಒಂದೇ ಒಂದು ಪಚ್ಚಿಲೆ.

"ಒಂದ್ರಲ್ಲಿ ಎಂತ ಸಾರ್ ಮಾಡುದ್?" ಎಂದು ಬೈಯುತ್ತಲೇ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಈಗ ನಾನು ಅವರ ಹಿತ್ತಿಲಿನ ಹಗ್ಗದ ಮೇಲೆ ಇದ್ದೇನೆ. ಮೊಣಕಾಲು ಸವೆದಿದೆ, ರಬ್ಬರು ಬಿರಿದಿದೆ. ಗಾಳಿ ಬಂದರೆ ಈಗಲೂ ಉಬ್ಬುತ್ತೇನೆ. ಆದರೆ ಮೋಸ ಹೋಗುವುದಿಲ್ಲ, ಅವನು ಅಲ್ಲೇ ಜಗಲಿಯಲ್ಲಿ ಕೂತಿರುತ್ತಾನೆ, ಕಡಲಿನ ಕಡೆ ಮುಖ ಮಾಡಿ. ಕೊನೆಯ ಹೊಲಿಗೆ ಹಾಕಿದ ದಿನ ವಾಮನರು ಕತ್ತರಿ ಎತ್ತಿಕೊಂಡು, ಒಳಗೆ ಮಡಚಿದ ಆ ಎರಡಿಂಚು ಇನ್ನು ಯಾಕೆ, ಸುಮ್ಮನೆ ಚುಚ್ಚುತ್ತದೆ, ಕತ್ತರಿಸಿಬಿಡಲೇ ಎಂದು ಕೇಳಿದ್ದರು.

ಜಟ್ಟಪ್ಪ ತನ್ನ ಉದ್ದನೆಯ ಕೈ ಚಾಚಿ, ಕೂತಲ್ಲಿಂದಲೇ ಕತ್ತರಿಯನ್ನು ತಡೆದ.

"ಇರ್ಲಿ, ಶೇರುಗಾರ್ರೆ," ಎಂದ. "ಇರ್ಲಿ."